"ನೀವು ಬ್ಯಾಂಕಿನ ಕಡೆಯವರಲ್ಲವಾ?"



ಕಳೆದ ಬಾರಿ ಊರಿಗೆ ಬಂದಾಗ, ಭಾನುವಾರದ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಾಗ, ಪ್ಲಸ್ ಟು ಮುಗಿಸಿದ ಮೂವರು ನಮ್ಮನ್ನು ಅಡ್ಡಹಾಕಿದರು. ಕೇಳಿದ್ದು ಎರಡೇ ಪ್ರಶ್ನೆ. "ಅಕ್ಕಾ, ಸಂಬಳ ಎಷ್ಟು ಸಿಗ್ತದೆ?" "ನಮಗೂ ಸಿಗ್ಬಹುದಾ?" ಪಕ್ಕದಲ್ಲೇ ಫಾದರ್ ನಿಂತಿದ್ದರು, ಮೊದಲನೆಯ ಪ್ರಶ್ನೆಗೆ ನಕ್ಕು ಸುಮ್ಮನಾದೆವು. ಎರಡಕ್ಕೂ ಬರೆದೇ ಉತ್ತರ ಕೊಡುತ್ತೇವೆ ಎಂದು ಮಾತು ಕೊಟ್ಟು ನಾಲ್ಕು ತಿಂಗಳಾಯಿತು. ತಡವಾದದ್ದಕ್ಕೆ ಕಾರಣವೂ ಈ ಕೆಲಸವೇ.

ನಾವು ಅಂದರೆ ಇಬ್ಬರು. ಒಂದೇ ವಾರ್ಡಿನವರು, ಒಂದೇ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತವರು, ಒಬ್ಬಳು ಇನ್ನೊಬ್ಬಳಿಗಿಂತ ಒಂದು ವರ್ಷ ದೊಡ್ಡವಳು. ಈಗ ಮುಂಬೈಯ ಕಲಿನಾದಲ್ಲಿ ಒಂದು ಕೋಣೆ ಹಂಚಿಕೊಂಡಿದ್ದೇವೆ. ಇಬ್ಬರೂ ವಕೀಲರು. ಆದರೆ ಕಪ್ಪು ಕೋಟು ಹಾಕಿ ಕೋರ್ಟಿಗೆ ಹೋಗಿದ್ದು ಸನ್ನದು ಪಡೆದ ದಿನ ಬಿಟ್ಟರೆ ಬಹಳ ಕಡಿಮೆ. ಎರಡು ಬೇರೆ ಬೇರೆ ದೊಡ್ಡ ಲಾ ಫರ್ಮುಗಳಲ್ಲಿ ಬ್ಯಾಂಕಿಂಗ್ ವಿಭಾಗದ ಕಿರಿಯರು ನಾವು. ನಮ್ಮ ಅಜ್ಜಿಗೆ ಇದನ್ನು ಅರ್ಥ ಮಾಡಿಸಲು ಇವತ್ತಿಗೂ ಆಗಿಲ್ಲ. "ಕೋರ್ಟಿಗೆ ಹೋಗದ ವಕೀಲೆ ಎಂಥ ವಕೀಲೆ? ಊದುಬತ್ತಿ ಇಲ್ಲದ ಧೂಪದ ಹಾಗೆ" ಅನ್ನುತ್ತಾರೆ.

ಕೆಲಸ ಹೀಗೆ. ಒಂದು ಕಂಪನಿಗೆ ಬ್ಯಾಂಕು ಐನೂರು ಕೋಟಿ ಸಾಲ ಕೊಡುತ್ತದೆ ಎಂದಿಟ್ಟುಕೊಳ್ಳಿ. ಆ ಸಾಲದ ಕರಾರುಪತ್ರ ಬರೆಯಬೇಕು. ಜಮೀನು ಅಡವಿಟ್ಟರೆ ಅಡಮಾನ ಪತ್ರ, ಯಂತ್ರ ಮತ್ತು ದಾಸ್ತಾನು ಅಡವಿಟ್ಟರೆ ಹೈಪಾಥಿಕೇಶನ್ ಪತ್ರ, ಜಾಮೀನು ನಿಂತವರಿಗೆ ಗ್ಯಾರಂಟಿ ಪತ್ರ. ಕಂಪನಿಯ ಬೋರ್ಡು ಠರಾವು ಪಾಸು ಮಾಡಿದೆಯಾ, ಸ್ಟ್ಯಾಂಪ್ ಶುಲ್ಕ ಸರಿಯಾಗಿ ಕಟ್ಟಿದೆಯಾ, ಜಮೀನಿನ ಹಿಂದಿನ ಮೂವತ್ತು ವರ್ಷದ ದಾಖಲೆ ಚೊಕ್ಕಟವಾಗಿದೆಯಾ, ಎಲ್ಲ ನೋಡಬೇಕು. ಹಣ ಬಿಡುಗಡೆಗೆ ಮೊದಲು ಪೂರೈಸಬೇಕಾದ ಷರತ್ತುಗಳ ಪಟ್ಟಿಯೊಂದು ಇರುತ್ತದೆ, ನಾವು ಸಿ.ಪಿ. ಲಿಸ್ಟ್ ಅನ್ನುತ್ತೇವೆ. ಅರವತ್ತು ಎಪ್ಪತ್ತು ಸಾಲುಗಳ ಆ ಪಟ್ಟಿಯನ್ನು ಹಿಡಿದುಕೊಂಡು ಎಲ್ಲರ ಬೆನ್ನು ಹತ್ತುವುದು ಕಿರಿಯರ ಪಾಲು. ಹಣ ಹೋದ ಮೇಲೂ ಮುಗಿಯುವುದಿಲ್ಲ. ಅಡಮಾನ ಆಗಿದೆ ಎಂದು 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಕೆಯಾಗಬೇಕು. ಕೊನೆಗೆ ಸಹಿಯಾದ ಎಲ್ಲ ಪತ್ರಗಳನ್ನು ಒಟ್ಟುಮಾಡಿ ಒಂದು ದಪ್ಪ ಸಂಪುಟ ಮಾಡುತ್ತೇವೆ. ಅದಕ್ಕೆ ನಮ್ಮ ಕಸುಬಿನಲ್ಲಿ ಏನು ಹೆಸರು ಗೊತ್ತುಂಟಾ? ಬೈಬಲ್! ಕಿರಿಯವಳು ಮೊದಲ ವಾರ ಆಫೀಸಿನಲ್ಲಿ "ನಾಳೆ ಬೆಳಗ್ಗೆಗೆ ಬೈಬಲ್ ರೆಡಿ ಮಾಡು" ಎಂದು ಸೀನಿಯರ್ ಹೇಳಿದಾಗ ಮಿಕಮಿಕ ನೋಡಿದ್ದಳು.

ಈಗ ದುಡ್ಡಿನ ಮಾತು. ದೊಡ್ಡ ಫರ್ಮುಗಳಲ್ಲಿ ಹೊಸಬರಿಗೇ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನಿಮಗೆ ಹೇಗೂ ಯಾರಾದರೂ ಹೇಳಿಯೇ ಇರುತ್ತಾರೆ. ಹೇಳದೇ ಇರುವುದು ಬೇರೆ ಉಂಟು. ನಮ್ಮಲ್ಲಿ ಬಹಳ ಮಂದಿಗೆ ಅದು ಸಂಬಳವೇ ಅಲ್ಲ, ಫೀಸು. ವಕೀಲನಾಗಿ ವೃತ್ತಿ ಮಾಡುವವನು ಇನ್ನೊಬ್ಬರ ಪೂರ್ಣಾವಧಿ ಸಂಬಳದ ನೌಕರನಾಗಿರಬಾರದು ಎಂದು ಬಾರ್ ಕೌನ್ಸಿಲಿನ ನಿಯಮ. ಅದೂ ಒಂದು ಕಾರಣವಾಗಿ ಫರ್ಮುಗಳು ನಮ್ಮನ್ನು ರಿಟೇನರ್ ಎಂದು ಇಟ್ಟುಕೊಳ್ಳುತ್ತವೆ. ಶೇ. 10 ತೆರಿಗೆ ಮುರಿದು ಉಳಿದದ್ದು ಕೈಗೆ ಬರುತ್ತದೆ. ಪಿ.ಎಫ್. ಇಲ್ಲ, ಗ್ರಾಚ್ಯುಯಿಟಿ ಇಲ್ಲ, ಓವರ್‌ಟೈಮ್ ಎಂಬ ಪದವೇ ಇಲ್ಲ. ಮುಂಬೈಯ ಬಾಡಿಗೆ ಇಬ್ಬರು ಹಂಚಿಕೊಂಡರೂ ಎದೆ ಧಸಕ್ಕೆನ್ನುತ್ತದೆ. ಆದರೂ ಊರಿಗೆ ಕಳಿಸಲು ಉಳಿಯುತ್ತದೆ. ಹಿರಿಯವಳ ಮನೆಯ ಹೆಂಚು ತೆಗೆದು ತಾರಸಿ ಆದದ್ದು, ಕಿರಿಯವಳ ತಮ್ಮನ ಇಂಜಿನಿಯರಿಂಗ್ ಫೀಸು, ಎಲ್ಲ ಇದೇ ದುಡ್ಡಿನಲ್ಲಿ. ಅದನ್ನು ಮರೆತು ಬರೀ ದೂರು ಹೇಳಿದರೆ ನಮ್ಮ ಅಪ್ಪ ಅಮ್ಮ ಇದನ್ನು ಓದಿ ಬೈಯುತ್ತಾರೆ.

ಗಂಟೆಗಳ ಲೆಕ್ಕ ಹೇಳುವುದು ಕಷ್ಟ. ಬೆಳಗ್ಗೆ ಹತ್ತೂವರೆಗೆ ಆಫೀಸಿನಲ್ಲಿ ಇರುತ್ತೇವೆ. ಸಂಜೆ ಆರರವರೆಗೆ ಫೋನು, ಮೀಟಿಂಗು. ನಿಜವಾದ ಬರವಣಿಗೆ ಶುರುವಾಗುವುದೇ ಆಮೇಲೆ, ಏಕೆಂದರೆ ಎದುರು ಕಡೆಯ ವಕೀಲರು ತಿದ್ದಿದ ಕರಡು ಕಳಿಸುವುದು ಆ ಹೊತ್ತಿಗೆ. ಅದನ್ನು ನೋಡಿ ಬೆಳಗ್ಗೆಗೆ ಮರಳಿ ಕಳಿಸಬೇಕು. ರಾತ್ರಿ ಒಂದು, ಎರಡು ಸಾಮಾನ್ಯ. ತಿಂಗಳಿಗೆ ಒಂದೆರಡು ಭಾನುವಾರ ನಿಜವಾಗಿ ನಮ್ಮದು. ಉಳಿದವು ಲ್ಯಾಪ್‌ಟಾಪಿನವು. ಕೆಲಸ ಬಹಳ ಬುದ್ಧಿಯದ್ದೇ ಎಂದು ತಿಳಿಯಬೇಡಿ. ಒಂದು ರಾತ್ರಿ ಪೂರ್ತಿ 140 ಪುಟದ ಪತ್ರದಲ್ಲಿ ಅಡಿಟಿಪ್ಪಣಿಯ ಕ್ರಮಸಂಖ್ಯೆ ಸರಿಮಾಡಿದ್ದುಂಟು. ಆದರೆ ಆ ಸಂಖ್ಯೆ ತಪ್ಪಿ, ಒಂದು ಕಲಮು ಬೇರೆ ಕಲಮನ್ನು ತೋರಿಸಿದರೆ, ನಾಳೆ ಕೋರ್ಟಿನಲ್ಲಿ ಕೋಟಿಗಟ್ಟಲೆ ಹಣ ಅದರ ಮೇಲೆ ನಿಲ್ಲಬಹುದು. ಆ ಭಯ ಇದ್ದೇ ಇರುತ್ತದೆ. ನಿದ್ದೆಯಲ್ಲೂ.

2024ರ ಪವಿತ್ರ ವಾರ ನಮಗೆ ಚೆನ್ನಾಗಿ ನೆನಪಿದೆ. ಆ ವರ್ಷ ಈಸ್ಟರ್ ಬಿದ್ದದ್ದು ಮಾರ್ಚ್ 31ಕ್ಕೆ, ಅಂದರೆ ಹಣಕಾಸು ವರ್ಷದ ಕೊನೆಯ ದಿನಕ್ಕೇ. ಸರಕಾರದ ಲೆಕ್ಕ ಮುಗಿಸಲು ಆ ಭಾನುವಾರವೂ ತೆರೆದಿರಬೇಕೆಂದು ರಿಸರ್ವ್ ಬ್ಯಾಂಕು ಸರಕಾರಿ ವ್ಯವಹಾರದ ಬ್ಯಾಂಕುಗಳಿಗೆ ಹೇಳಿತ್ತು. ಹಿರಿಯವಳು ಬುಧವಾರದ ನೇತ್ರಾವತಿಗೆ ಕಾಸರಗೋಡಿನ ಟಿಕೆಟು ಎರಡು ತಿಂಗಳ ಮೊದಲೇ ತೆಗೆದಿಟ್ಟಿದ್ದಳು. ಸೋಮವಾರ ಅವಳ ಸೀನಿಯರ್ ಬಂದು, ಒಂದು ಸೋಲಾರ್ ಕಂಪನಿಯ ಸಾಲ ವರ್ಷಾಂತ್ಯದೊಳಗೆ ಬಿಡುಗಡೆಯಾಗಲೇಬೇಕು ಎಂದರು. ಟಿಕೆಟು ರದ್ದಾಯಿತು. ಗುರುವಾರ ಮಧ್ಯರಾತ್ರಿಯವರೆಗೆ ಸಹಿ. ಶುಭ ಶುಕ್ರವಾರ ಬ್ಯಾಂಕಿಗೆ ರಜೆ, ಆದರೆ ನಮಗಲ್ಲ. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಷರತ್ತು ಬಾಕಿ ಇದ್ದವು. 30ನೇ ತಾರೀಕು ಐದನೇ ಶನಿವಾರ, ಹಾಗಾಗಿ ಬ್ಯಾಂಕು ತೆರೆದಿತ್ತು, ಮಧ್ಯಾಹ್ನ ಹಣ ಹೋಯಿತು. ಹಿರಿಯವಳು ಸಂಜೆ ಐದಕ್ಕೆ ಮಲಗಿದವಳು ಈಸ್ಟರ್ ದಿನ ಬೆಳಗ್ಗೆ ಒಂಬತ್ತಕ್ಕೆ ಎದ್ದಳು. ಜಾಗರಣೆಯ ಪೂಜೆಗೆ ಎಬ್ಬಿಸಲು ಕಿರಿಯವಳು ಮೂರು ಸಲ ಕರೆದಳಂತೆ, ಇವಳಿಗೆ ನೆನಪೇ ಇಲ್ಲ. ಅಮ್ಮ ಫೋನಿನಲ್ಲಿ ಏನೂ ಬೈಯಲಿಲ್ಲ. "ಊಟ ಮಾಡಿದ್ಯಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅದೇ ವಾರಗಳಲ್ಲಿ ಊರಿನಲ್ಲಿ ನಡೆಯುತ್ತಿದ್ದ ಇನ್ನೊಂದು ವಿಷಯ ನಮಗೆ ಗೊತ್ತಿರಲಿಲ್ಲ. ಅದನ್ನು ಬರೆಯಲೆಂದೇ ಇಷ್ಟು ಪೀಠಿಕೆ. ಆ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ. ಗುರುತು ಸಿಕ್ಕವರು ದಯವಿಟ್ಟು ಮನಸ್ಸಿನಲ್ಲೇ ಇಟ್ಟುಕೊಳ್ಳಿ.

ಮೇ ತಿಂಗಳಲ್ಲಿ ಕೊನೆಗೂ ರಜೆ ಸಿಕ್ಕಿ ಇಬ್ಬರೂ ಊರಿಗೆ ಬಂದೆವು. ನಾವು ಚಿಕ್ಕಂದಿನಿಂದ ಬಾಪ್ಪು ಎಂದು ಕರೆಯುವ ಒಬ್ಬರ ಮನೆಗೆ ಹೋಗುವುದು ವಾಡಿಕೆ. ಹೋದರೆ ಹಲಸಿನ ಹಣ್ಣು ಕುಯ್ಯದೆ ಬಿಡುವವರಲ್ಲ. ಆ ದಿನ ಮಾತೇ ಇಲ್ಲ. ಮೌಶಿ ಒಳಗೆ ಕರೆದು ಮೆಲ್ಲ ಹೇಳಿದರು, "ಬ್ಯಾಂಕಿನಿಂದ ಕಾಗದ ಬಂದಿದೆ, ಇವರು ಕಪಾಟಿನ ಮೇಲೆ ಇಟ್ಟಿದ್ದಾರೆ, ಯಾರಿಗೂ ತೋರಿಸುವುದಿಲ್ಲ." ಬಾಪ್ಪುವನ್ನು ಕೇಳಿದರೆ ಅವರು ನಮ್ಮ ಮುಖ ನೋಡಲಿಲ್ಲ. "ನೀವು ಬ್ಯಾಂಕಿನ ಕಡೆಯವರಲ್ಲವಾ ಮಗಾ, ನಿಮ್ಮತ್ರ ಹೇಗೆ ಹೇಳುವುದು?" ಎಂದರು.

ಕಾಗದ ಬಂದದ್ದು ಯಾವಾಗ ಎಂದು ಕೇಳಿದೆವು. ಸಂತ ಜೋಸೆಫರ ಹಬ್ಬದ ಹಿಂದಿನ ದಿನ ಎಂದರು. ಅಂದರೆ ಮಾರ್ಚ್ 18. ನಾವು ಹೋದದ್ದು ಮೇ 8ಕ್ಕೆ. ಐವತ್ತೊಂದನೆಯ ದಿನ. ಕಾಗದ ಬಿಚ್ಚುವ ಮೊದಲೇ ಇಬ್ಬರಿಗೂ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು, ಏಕೆಂದರೆ ಅದು ಯಾವ ಕಾಗದ ಆಗಿರಬಹುದು ಎಂದು ಗೊತ್ತಿತ್ತು. 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟೀಸು. ಸಾಲದ ಕಂತು 90 ದಿನ ಮೀರಿ ಬಾಕಿಯಾಗಿ ಖಾತೆ ಕೆಟ್ಟರೆ, 60 ದಿನದೊಳಗೆ ಪೂರ್ತಿ ಹಣ ಕಟ್ಟು ಎಂದು ಬ್ಯಾಂಕು ಕೊಡುವ ನೋಟೀಸು. ಆ 60 ದಿನ ಕಳೆದರೆ ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳಬಹುದು. ನಮ್ಮೂರಿನಲ್ಲಿ ಜಪ್ತಿ ಎಂದು ಕರೆಯುವುದು ಅದನ್ನೇ.

ಲಕೋಟೆಯ ಮೇಲೆ ಬ್ಯಾಂಕಿನ ಹೆಸರು ಕಂಡ ಕೂಡಲೇ ಕಿರಿಯವಳು ಎದ್ದು ಹೊರಗೆ ಹೋದಳು. ಬಾಪ್ಪುವಿಗೆ ಬೇಸರವಾಯಿತು. ಹೇಳಿದ್ದು ಸರಿಯೇ, ಇವಳು ಬ್ಯಾಂಕಿನವಳೇ ಎಂದು ಅವರಿಗೆ ಅನಿಸಿರಬೇಕು. ನಡೆದದ್ದು ಇಷ್ಟು: ಅದೇ ಬ್ಯಾಂಕು ಅವಳ ಫರ್ಮಿನ ಕಕ್ಷಿದಾರ. ಅವಳು ಆ ಕಾಗದ ಓದುವಂತೆಯೂ ಇಲ್ಲ, ಬಾಯಿ ಬಿಡುವಂತೆಯೂ ಇಲ್ಲ. ಕಕ್ಷಿದಾರನ ವಿರುದ್ಧ ಇನ್ನೊಬ್ಬರಿಗೆ ಬುದ್ಧಿ ಹೇಳುವುದು ನಮ್ಮ ವೃತ್ತಿಯಲ್ಲಿ ದೊಡ್ಡ ತಪ್ಪು. ತನ್ನನ್ನು ಎತ್ತಿ ಆಡಿಸಿದವರ ಮನೆಯ ಜಗಲಿಯಲ್ಲಿ ಕೂತು ಅವಳು ಒಬ್ಬಳೇ ಹಲಸಿನ ಹಣ್ಣು ಬಿಡಿಸುತ್ತಾ ಇದ್ದಳು. ಕೈಗೆ ಎಣ್ಣೆ ಹಚ್ಚಿಕೊಳ್ಳಲೂ ಮರೆತಿದ್ದಳು, ಮೇಣ ಎರಡು ದಿನ ಹೋಗಲಿಲ್ಲ.

ಹಿರಿಯವಳಿಗೂ ಕೇಸು ಹಿಡಿಯುವ ಹಕ್ಕಿಲ್ಲ, ಫರ್ಮಿನ ಹೊರಗೆ ಕೆಲಸ ಮಾಡುವಂತಿಲ್ಲ. ಆದರೆ ಕಾಯ್ದೆಯಲ್ಲಿ ಏನಿದೆ ಎಂದು ಹೇಳಬಹುದು, ಅದು ಯಾರು ಬೇಕಾದರೂ ಓದಬಹುದಾದ ಪುಸ್ತಕ. ನಾಲ್ಕು ಪುಟ ಇಂಗ್ಲಿಷು. ಜೊತೆಗೆ ಬಾಪ್ಪು ಸಹಿ ಹಾಕಿದ್ದ ಸಾಲದ ಪತ್ರದ ಪ್ರತಿ. ಓದುತ್ತಾ ಹೋದರೆ ಅವಳಿಗೆ ವಾಕ್ಯಗಳು ಪರಿಚಿತವಾಗಿದ್ದವು. "ಬೇಷರತ್ತಾಗಿ, ಹಿಂತೆಗೆದುಕೊಳ್ಳಲಾಗದಂತೆ" ಎಂಬ ಅದೇ ಇಂಗ್ಲಿಷ್ ಪದಗಳು. ಐನೂರು ಕೋಟಿಯ ಕಂಪನಿಗೆ ನಾವು ಹಾಕುವ ವಾಕ್ಯವೇ ಹದಿನಾಲ್ಕು ಲಕ್ಷದ ಅಡಿಕೆ ತೋಟದವನಿಗೂ. ಕೊನೆಯ ಪುಟದಲ್ಲಿ ಇನ್ನೊಂದು ಇತ್ತು. "ಈ ಪತ್ರದ ಒಕ್ಕಣೆಯನ್ನು ನನಗೆ ಗೊತ್ತಿರುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ನಾನು ಅರ್ಥ ಮಾಡಿಕೊಂಡಿದ್ದೇನೆ." ಭಾಷೆಯ ಜಾಗದಲ್ಲಿ ಕನ್ನಡ ಎಂದು ಕೈಯಲ್ಲಿ ಬರೆದಿತ್ತು. ಕೆಳಗೆ ಬಾಪ್ಪುವಿನ ಸಹಿ.

"ಓದಿ ಹೇಳಿದ್ರಾ ಬಾಪ್ಪು?"

"ಎಂತದು ಓದುವುದು? ಹದಿನೆಂಟು ಕಡೆ ಸಹಿ ಹಾಕಿ ಎಂದ್ರು. ಹಾಕಿದೆ."

ಆ ಘೋಷಣೆಯ ನಮೂನೆಯನ್ನು ಇಂಥ ಪತ್ರಗಳ ಕೊನೆಗೆ ಅಂಟಿಸುವುದು ನಮ್ಮಂಥ ಕಿರಿಯರ ಕೆಲಸ. ಅಂಟಿಸಲು ಅರ್ಧ ನಿಮಿಷ ಸಾಕು. ಎಷ್ಟು ಸಲ ಅಂಟಿಸಿದ್ದೇವೆ ಎಂದು ಆ ರಾತ್ರಿ ಇಬ್ಬರೂ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆವು.

ಮನೆಯಲ್ಲಿ ಇಂಥ ಕಾಗದ ಬಂದಿರುವವರು ಈ ಭಾಗವನ್ನು ಗಮನವಿಟ್ಟು ಓದಿ. ನೋಟೀಸು ಬಂದ ಮೇಲೆ ಸಾಲಗಾರ ತನ್ನ ಆಕ್ಷೇಪವನ್ನು ಬರವಣಿಗೆಯಲ್ಲಿ ಕೊಡಬಹುದು. ಕೊಟ್ಟರೆ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಏಕೆ ಒಪ್ಪುವುದಿಲ್ಲ ಎಂದು 15 ದಿನದೊಳಗೆ ತಿಳಿಸಬೇಕು. ಕೊಡದೆ ಕಪಾಟಿನ ಮೇಲಿಟ್ಟರೆ ಆ ಅವಕಾಶ ವ್ಯರ್ಥ. ವಶಕ್ಕೆ ತೆಗೆದುಕೊಳ್ಳುವ ಕ್ರಮ ಶುರುವಾದರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು, ನಮಗೆ ಅದು ಎರ್ನಾಕುಳದಲ್ಲಿ. ಕೃಷಿ ಜಮೀನಿನ ಅಡವಿಗೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ. ಆದರೆ ಜಮೀನು ನಿಜವಾಗಿ ಕೃಷಿಯದ್ದು ಎಂದು ತೋರಿಸುವ ಹೊಣೆ ಸಾಲಗಾರನದ್ದೇ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಾಯಿಮಾತು ನಡೆಯದು. ಬಾಪ್ಪುವಿನದ್ದು ಎರಡು ತುಂಡು: ಮನೆ ಇರುವ ಹದಿನೈದು ಸೆಂಟ್ಸು, ಮತ್ತೆ ಒಂದು ಎಕರೆ ಅಡಿಕೆ ತೋಟ. ತೋಟಕ್ಕೆ ವಿನಾಯಿತಿ ಕೇಳಬಹುದು, ಮನೆಯ ಜಾಗಕ್ಕೆ ಆಗದು.

ಮರುದಿನ ಕಾಸರಗೋಡಿನ ಒಬ್ಬ ಹಿರಿಯ ವಕೀಲರ ಹತ್ತಿರ ಹೋದದ್ದು ಬಾಪ್ಪು, ಮೌಶಿ, ಹಿರಿಯವಳು. ಆ ವಕೀಲರ ಆಫೀಸೆಂದರೆ ಒಂದು ಫ್ಯಾನು, ಮೂರು ಕುರ್ಚಿ, ಒಬ್ಬ ಗುಮಾಸ್ತ. ನೋಟೀಸು ನೋಡಿ ಅವರು ಮೊದಲು ಕೇಳಿದ್ದು ದಾಖಲೆ ಅಲ್ಲ, "ಯಾಕೆ ಬಾಕಿಯಾಯಿತು?" ಎಂದು. ಎರಡು ವರ್ಷ ಎಲೆಚುಕ್ಕೆ ರೋಗದಿಂದ ಫಸಲು ಹೋಯಿತು ಎಂದರು ಬಾಪ್ಪು. ಐನೂರು ಕೋಟಿಯ ಕಡತಗಳಲ್ಲಿ ಆ ಪ್ರಶ್ನೆಯನ್ನು ನಾವು ಯಾರಿಗೂ ಕೇಳಿದ್ದಿಲ್ಲ. ತೆರಿಗೆ ರಶೀದಿ, ವಿಲ್ಲೇಜ್ ಆಫೀಸಿನ ಸರ್ಟಿಫಿಕೇಟು, ಅಡಿಕೆ ಮಾರಿದ ಚೀಟಿ, ತೋಟದ ಫೋಟೋ, ಎಲ್ಲ ಐದು ದಿನದಲ್ಲಿ ಒಟ್ಟಾಯಿತು. ಹಳೆಯ ಆಧಾರ 1949ರದ್ದು, ಕನ್ನಡದಲ್ಲಿ ಮಸಿಯಲ್ಲಿ ಬರೆದದ್ದು. ಗುಮಾಸ್ತನಿಗೆ ಕನ್ನಡದ ಮೋಡಿ ಅಕ್ಷರ ಓದಲು ಕಷ್ಟವಾಗಿ, ಹಿರಿಯವಳೇ ಓದಿ ಹೇಳಿದಳು. ಆಕ್ಷೇಪ ಹೋದದ್ದು ಐವತ್ತೆಂಟನೆಯ ದಿನ.

ಬ್ಯಾಂಕು ಹನ್ನೆರಡು ದಿನದಲ್ಲಿ ಉತ್ತರ ಬರೆಯಿತು, ಆಕ್ಷೇಪ ಒಪ್ಪುವುದಿಲ್ಲ ಎಂದು. ಆದರೆ ಮ್ಯಾನೇಜರ್ ಕರೆದು ಮಾತಾಡಿದರು. ಬಾಕಿ ಕಂತುಗಳನ್ನು ಎರಡು ಸಲದಲ್ಲಿ ಪೂರ್ತಿ ಕಟ್ಟಿದರೆ ಖಾತೆ ಸರಿಪಡಿಸುತ್ತೇವೆ, ಮುಂದಿನ ಕಂತು ತಪ್ಪಿಸಬೇಡಿ ಎಂದರಂತೆ. ಮೌಶಿಯ ಎರಡು ಬಳೆ ಹೋದವು, ಕೊಲ್ಲಿಯಲ್ಲಿರುವ ಮಗ ಸ್ವಲ್ಪ ಕಳಿಸಿದ. ಮನೆ ಉಳಿದಿದೆ. ಸಾಲವೂ ಉಳಿದಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ನಮಗೂ ಸಿಗಬಹುದಾ ಎಂಬುದು. ಸಿಗಬಹುದು. ದಾರಿ ಸಪಾಟಲ್ಲ. ದೊಡ್ಡ ಫರ್ಮುಗಳು ಹೆಚ್ಚಾಗಿ ಕೆಲವೇ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕ್ಯಾಂಪಸ್ಸಿಗೆ ಹೋಗಿ ಆರಿಸುತ್ತವೆ. ಅಲ್ಲಿಗೆ ಸೇರಲು ಬರೆಯುವ ಕ್ಲ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದವರಿಗೆ ಇದು ಮೊದಲ ಗೋಡೆ. ಹಿರಿಯವಳು ಒಂದು ವರ್ಷ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ದಿನಾ ಗಟ್ಟಿಯಾಗಿ ಓದಿ, ಎರಡನೇ ಸಲ ಪಾಸಾದವಳು. ಕಿರಿಯವಳಿಗೆ ಅದು ಸಿಗಲಿಲ್ಲ. ಮಂಗಳೂರಿನಲ್ಲಿ ಕಲಿತು, ರಜೆ ರಜೆಗೆ ಇಂಟರ್ನ್‌ಶಿಪ್ ಮಾಡಿ, ಮೂರನೆಯ ಫರ್ಮಿನಲ್ಲಿ "ಬೇಕಾದರೆ ಇರು" ಎಂದರು, ಉಳಿದಳು. ಅವಳನ್ನು ಇಟ್ಟುಕೊಂಡದ್ದು ಇಂಗ್ಲಿಷಿಗಾಗಿ ಅಲ್ಲ. ದಕ್ಷಿಣದ ಜಮೀನಿನ ದಾಖಲೆಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಓದಬಲ್ಲವರು ಮುಂಬೈಯ ಆ ತಂಡದಲ್ಲಿ ಬೇರೆ ಇರಲಿಲ್ಲ. ಮೂಲಗೇಣಿ, ಕುಮ್ಕಿ ಎಂದರೇನು ಎಂದು ಅಲ್ಲಿ ವಿವರಿಸಬಲ್ಲವಳು ಅವಳೊಬ್ಬಳೇ. ಗಡಿಯಲ್ಲಿ ಹುಟ್ಟಿದ್ದು ಒಮ್ಮೆಯಾದರೂ ಉಪಕಾರಕ್ಕೆ ಬಂತು! ಈಗ ಕಂಪ್ಯೂಟರೇ ಕರಾರುಗಳನ್ನು ಓದಿ ಸಾರ ಬರೆಯುವ ಕಾಲ, ಕಿರಿಯರ ಕೆಲಸ ಎಷ್ಟು ಉಳಿಯುತ್ತದೋ ಎಂದು ಆಫೀಸಿನಲ್ಲಿ ಎಲ್ಲರಿಗೂ ಅಳುಕು. 1949ರ ಮೋಡಿ ಅಕ್ಷರ ಅದಕ್ಕೆ ಇನ್ನೂ ದಕ್ಕಿಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ.

ಸೇರಿದವರು ನಿಲ್ಲುವುದು ಬೇರೆ ಮಾತು. ಹಿರಿಯವಳ ಜೊತೆ ಸೇರಿದ ಏಳು ಮಂದಿಯಲ್ಲಿ ಮೂವರು ಉಳಿದಿದ್ದಾರೆ. ಇಬ್ಬರು ಬ್ಯಾಂಕುಗಳ ಒಳಗಿನ ಕಾನೂನು ವಿಭಾಗಕ್ಕೆ ಹೋದರು, ಸಂಬಳ ಕಡಿಮೆ, ಆದರೆ ಸಂಜೆ ಏಳಕ್ಕೆ ಮನೆ. ಒಬ್ಬ ಲಂಡನ್ನಿಗೆ. ಒಬ್ಬಳು ಏನೂ ಹೇಳದೆ ಒಂದು ದಿನ ಊರಿಗೆ ಹೋದವಳು ಬರಲೇ ಇಲ್ಲ. 2016ರಲ್ಲಿ ದಿವಾಳಿ ಸಂಹಿತೆ ಬಂದ ಮೇಲೆ ಸಾಲ ವಸೂಲಿಯ ಕಡೆ ಕೆಲಸ ಬಹಳ ಹೆಚ್ಚಿದೆ, ಹಾಗಾಗಿ ಬಾಗಿಲು ಮುಚ್ಚಿಲ್ಲ. ದೊಡ್ಡ ಫರ್ಮು ಬೇಡ ಎನ್ನುವವರಿಗೆ ಐಬಿಪಿಎಸ್ ನಡೆಸುವ ಪರೀಕ್ಷೆಯಲ್ಲಿ ಸರಕಾರಿ ಬ್ಯಾಂಕುಗಳ ಕಾನೂನು ಅಧಿಕಾರಿ ಹುದ್ದೆಗಳಿವೆ. ಕಾನೂನು ಪದವಿ ಮತ್ತು ಸನ್ನದು ಬೇಕು. ನಮ್ಮ ಕಡೆಯ ಮಕ್ಕಳು ಇದನ್ನು ಯಾಕೋ ಕೇಳುವುದೇ ಇಲ್ಲ, ಎಲ್ಲರಿಗೂ ಕ್ಲರ್ಕ್ ಪರೀಕ್ಷೆ ಮಾತ್ರ ಗೊತ್ತು. ಕಾಸರಗೋಡಿನ ಕೋರ್ಟೂ ಇದೆ. ಮೂರು ಕುರ್ಚಿಯ ಆಫೀಸಿನಲ್ಲಿ ಮೊದಲ ಐದು ವರ್ಷ ಬಸ್ಸಿನ ಚಾರ್ಜು ಹುಟ್ಟಿದರೆ ಹೆಚ್ಚು. ಆ ಹಿರಿಯ ವಕೀಲರು ಹಿರಿಯವಳಿಗೆ ಹೊರಡುವಾಗ "ಬೇಕಾದಾಗ ಬಾ, ನಾಲ್ಕನೆಯ ಕುರ್ಚಿ ಹಾಕಿಸ್ತೇನೆ" ಎಂದಿದ್ದರು. ಅವಳು ಇನ್ನೂ ಉತ್ತರ ಕೊಟ್ಟಿಲ್ಲ. ಮನೆಯ ತಾರಸಿಯ ಸಾಲ ಇನ್ನೂ ಎರಡು ವರ್ಷ ಇದೆ.

ಒಂದು ಬದಲಾವಣೆ ಮಾತ್ರ ಆಗಿದೆ. ಕಳೆದ ವರ್ಷ ಕಿರಿಯವಳ ಹತ್ತಿರ ಸಣ್ಣ ಸಾಲಗಳ ನಮೂನೆ ತಿದ್ದುವ ಕೆಲಸ ಬಂತು. ಆ ಘೋಷಣೆಯ ಜಾಗದಲ್ಲಿ, ಓದಿ ಹೇಳಿದವರ ಹೆಸರು, ಸಹಿ, ತಾರೀಕು ಎಂದು ಮೂರು ಗೆರೆ ಸೇರಿಸಿ ಕಳಿಸಿದಳು. ಸೀನಿಯರ್ "ಇದು ಯಾಕೆ?" ಎಂದು ಕೇಳಿದರು. ನಾಳೆ ಕೋರ್ಟಿನಲ್ಲಿ ಸಾಲಗಾರ ತಕರಾರು ತೆಗೆದರೆ ಬ್ಯಾಂಕಿಗೇ ಸಾಕ್ಷಿ ಇರಲಿ ಎಂದಳು. ಅದು ನಿಜವೂ ಹೌದು. ಎರಡು ಗೆರೆ ಉಳಿಯಿತು, ಒಂದನ್ನು ಹೊಡೆದು ಹಾಕಿದರು.

ಬಾಪ್ಪು ಈಗ ವಾಟ್ಸಾಪ್ ಕಲಿತಿದ್ದಾರೆ. ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಕಂತು ಕಟ್ಟಿದ ರಶೀದಿಯ ಫೋಟೋ ಇಬ್ಬರಿಗೂ ಬರುತ್ತದೆ. ಕಿರಿಯವಳಿಗೆ ಕಳಿಸಬೇಡಿ ಎಂದು ಹಿರಿಯವಳು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಕಳೆದ ತಿಂಗಳದ್ದು ಬಂದಾಗ ರಾತ್ರಿ ಹನ್ನೊಂದೂವರೆ. ಇಬ್ಬರೂ ಬೇರೆ ಬೇರೆ ಆಫೀಸಿನಲ್ಲಿ ಕೂತಿದ್ದೆವು. ರಶೀದಿ ಸ್ವಲ್ಪ ಮಸುಕಾಗಿತ್ತು, ಮೂಲೆಯಲ್ಲಿ ಅವರ ಹೆಬ್ಬೆರಳು. ಕೆಳಗೆ ಕನ್ನಡದಲ್ಲಿ ಒಂದೇ ಸಾಲು: "ಇನ್ನೂ ಮಲಗಲಿಲ್ಲವಾ?"